ಹ್ಯಾನಾಳಿಗೆ ಪದ್ಯವಿಲ್ಲ

ಮುಸಫ್ಫಾ, ಅಬುಧಾಬಿ
ಶನಿವಾರ, 22 ನವೆಂಬರ್ 2014

ಪ್ರೀತಿಯ ತಮ್ಮ ರಂಜಿತನಿಗೆ,

ನಿನ್ನ ಅಕ್ಕ ಜಲಜಾಕ್ಷಿ ಇಲ್ಲಿ ಗಟ್ಟಿಯಾಗಿದ್ದೇನೆ. ನೀನು, ನಾದಿನಿ ಶರ್ಮಿಳಾ, ನನ್ನ ಮಗಳು ಭವ್ಯಶ್ರೀ ಮೂವರೂ ಕಟಪಾಡಿಯಲ್ಲಿ ಸೌಖ್ಯವೆಂದು ನಂಬಿದ್ದೇನೆ. ಕಾಗದ ಬರೆಯದೆ ವರ್ಷಗಳೇ ಆದವು, ಅದಕ್ಕೆ ಬೇಸರ ಮಾಡಬೇಡ. ಒಂದು ವಾರದಿಂದ ನಿನ್ನ ಫೋನನ್ನೂ ಎತ್ತಲಿಲ್ಲ, ಅದಕ್ಕೆ ಬೇಕಾದರೆ ಬೇಸರ ಮಾಡು. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು "ಆಯ್ತಕ್ಕ, ನೋಡುವ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಆಗುವುದಿಲ್ಲ. ನನ್ನ ಕೋಣೆಯ ಜೊತೆಗಾತಿ ಮೆಟಿಲ್ಡಾಳ ಅಣ್ಣ ನಾರ್ಬರ್ಟ್ ನಾಳೆ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಜೊತೆಗೆ ಭವ್ಯಳಿಗೊಂದು ಫ್ರಾಕ್ ಇದೆ, ನಾನೇ ಹೊಲಿದದ್ದು. ಅಳತೆ ಅಂದಾಜಿನದು. ಎರಡೂ ಪಕ್ಕಗಳಲ್ಲಿ ಬಟ್ಟೆಯನ್ನು ಒಳಗೆ ಮಡಚಿ ಬಿಟ್ಟಿದ್ದೇನೆ, ಬಿಗಿಯಾದರೆ ಶರ್ಮಿಳಾ ಬಿಚ್ಚಿ ಹೊಲಿದುಕೊಡಲಿ.

ಸುದ್ದಿ ದೊಡ್ಡದೇ ಇದೆ. ಆದರೆ ಕೊನೆಯನ್ನು ಮೊದಲೇ ಹೇಳಿದರೆ ನೀನು ನಡುವಿನದ್ದನ್ನು ಓದದೆ ಮಡಚಿಡುವ ಜಾತಿ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ, ಕುಳಿತು ಓದು.

ಭವ್ಯಳ ಅಪ್ಪ ತೀರಿಕೊಂಡಾಗ ಅವಳಿಗೆ ಮೂರು ವರ್ಷ. ನಿನ್ನ ಪರಿಚಯದಿಂದಲೇ ನಾನು ಪದ್ಮನಾಭ ಹೆಗ್ಡೆಯವರ ಯೂನಿಫಾರ್ಮ್ ಹೊಲಿಯುವ ವರ್ಕ್‌ಶಾಪಿಗೆ ಬಂದೆ. ಬಂದ ದಿನವೇ ಪಾಸ್‌ಪೋರ್ಟ್ ಧಣಿಯ ಕಪಾಟು ಸೇರಿತು. ಎಲ್ಲರದ್ದೂ ಅಲ್ಲಿಯೇ ಇರುತ್ತದೆ, ನಾನೂ ಪ್ರಶ್ನೆ ಮಾಡಲಿಲ್ಲ. ಕಳೆದ ಸಲ ಊರಿಗೆ ಬಂದಾಗ ಭವ್ಯ ಒಂದನೇ ಕ್ಲಾಸು. ಈಗ ನಾಲ್ಕು. ಈ ಸಲದ ಬಿಸು ಹಬ್ಬ ಕಳೆದ ಮೇಲೆ ನಾನು ರಾಜೀನಾಮೆ ಬರೆದುಕೊಟ್ಟೆ. ರಜೆ ಬೇಡ, ಊರಿಗೇ ಹೋಗುತ್ತೇನೆ, ಮಗಳ ಜೊತೆ ಇರುತ್ತೇನೆ ಎಂದೆ. ಧಣಿ ಓದಿ, ನಕ್ಕು, "ಆಸ್ಪತ್ರೆಯ ಆರ್ಡರ್ ಒಂದು ಮುಗಿಯಲಿ ಜಲಜ" ಎಂದರು. ಆಸ್ಪತ್ರೆಯದು ಮುಗಿದಾಗ ಹೋಟೆಲಿನವರದು ಬಂತು. ಅದು ಮುಗಿದಾಗ ರಮ್ಜಾನ್ ಬಂತು. ಆಮೇಲೆ ವೀಸಾದ ಕೆಲಸ ನೋಡುವವನು ರಜೆಯ ಮೇಲೆ ಹೋದ. ಮೆಟಿಲ್ಡಾ ನನ್ನ ಜೊತೆಯೇ ಕಟಿಂಗ್ ವಿಭಾಗದಲ್ಲಿರುವವಳು, ಅವಳ ನಾಲಿಗೆ ಅವಳ ಕತ್ತರಿಗಿಂತ ಚೂಪು. "ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳಿಕ್ಕೆ ಅವರಿಗೆ ಕಾನೂನೇ ಇಲ್ಲ ಮಾರಾಯ್ತಿ. ಲೇಬರ್ ಆಫೀಸಿಗೆ ಹೋಗುವ, ನಾನು ಬರ್ತೇನೆ" ಎಂದು ಅವಳು ಎಷ್ಟು ಸಲ ಹೇಳಿದ್ದಳು. ನಿನ್ನನ್ನು ಕೇಳಿದರೆ, "ಬೇಡಕ್ಕ, ಧಣಿ ನಮ್ಮ ಊರಿನವರು, ಮರ್ಯಾದೆಯ ವಿಷಯ, ಸ್ವಲ್ಪ ತಾಳು" ಎಂದಿ. ನಾನು ತಾಳಿದೆ.

ಇನ್ನು ತಾಳಮದ್ದಳೆಯ ವಿಷಯ. ಶುಕ್ರವಾರಗಳಂದು ಕೂಟಕ್ಕೆ ಹೋಗುತ್ತೇನೆಂದು ನಿನಗೆ ಗೊತ್ತು. ಆದರೆ ಅಪ್ಪ ಅರ್ಥ ಹೇಳಲು ಹೋದಲ್ಲೆಲ್ಲ ಚಾಪೆಯ ಮೂಲೆಯಲ್ಲಿ ಗೊರಕೆ ಹೊಡೆದವನು ನೀನು, ಆದ್ದರಿಂದ ಬಿಡಿಸಿ ಹೇಳಬೇಕು. ವೇಷವಿಲ್ಲ, ಕುಣಿತವಿಲ್ಲ, ಎಲ್ಲರೂ ಕುಳಿತೇ ಮಾತಾಡುವುದು. ಭಾಗವತರು ಕಥೆಯ ಒಂದು ಪದ್ಯ ಹಾಡುತ್ತಾರೆ. ಆ ಪದ್ಯ ಯಾರ ಪಾತ್ರದ್ದೋ ಅವರು ಅದರ ಅರ್ಥವನ್ನು ತಮ್ಮ ಮಾತಿನಲ್ಲಿ ಬೆಳೆಸಬೇಕು, ಎದುರಿನವರು ವಾದಕ್ಕೆ ಇಳಿಯಬೇಕು. ಬರೆದುಕೊಟ್ಟ ಮಾತು ಒಂದೂ ಇಲ್ಲ. ರಾವಣನ ಪಾತ್ರ ಬಂದರೆ ರಾವಣನೇ ಸರಿ ಎಂದು ವಾದಿಸಬೇಕು, ಅಲ್ಲಿ ಸಂಕೋಚ ಪಟ್ಟವನು ಅರ್ಥಧಾರಿಯೇ ಅಲ್ಲ. ಪದ್ಯ ಇಲ್ಲದವರು ಬಾಯಿ ಬಿಡುವಂತಿಲ್ಲ. ಎದುರಿನವರು ಹೆಸರು ಹಿಡಿದು ಪ್ರಶ್ನೆ ಹಾಕಿದರೆ ಮಾತ್ರ ಉತ್ತರ ಕೊಡಬಹುದು. ಮಾತು ಒಂದು ನಿಲುಗಡೆಗೆ ಬರುವ ತನಕ ಭಾಗವತರು ಮುಂದಿನ ಪದ್ಯ ಎತ್ತುವುದಿಲ್ಲ, ಎತ್ತಿದರೆ ಅಲ್ಲಿಗೆ ವಾದ ಮುಗಿಯಿತು. ಇಷ್ಟು ನೆನಪಿಟ್ಟುಕೋ.

ನಮ್ಮ ಭಾಗವತರು ಪುರಂದರಣ್ಣ, ದುಬಾಯಿಯ ಅಲ್ ನಹ್ದಾದಲ್ಲಿ ಇರುವವರು, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಅವರ ಮಗಳು ಓದುವುದು ಅಮೆರಿಕದ ಸಿಲೆಬಸ್ ಇರುವ ಶಾಲೆಯಲ್ಲಿ. ಪರೀಕ್ಷೆಗೆ ಓದಿಸುತ್ತಾ ಓದಿಸುತ್ತಾ ಅವಳ ಇತಿಹಾಸದ ಪುಸ್ತಕ ಅವರಿಗೇ ಹಿಡಿದುಬಿಟ್ಟಿತು. "ಪಪ್ಪಾ, ಇಟ್ಸ್ ಜಸ್ಟ್ ಫಾರ್ ದ ಟೆಸ್ಟ್" ಎಂದು ಅವಳು ಹೇಳುತ್ತಿದ್ದರೆ ಇವರು, "ನೀ ಸುಮ್ಮನಿರು, ಇದರಲ್ಲಿ ಒಂದು ಪ್ರಸಂಗ ಉಂಟು" ಎಂದರಂತೆ. ಹಾಗೆ ಹುಟ್ಟಿದ್ದು 'ಸೀಮೋಲ್ಲಂಘನ' ಎಂಬ ಹೊಸ ಪ್ರಸಂಗ.

ಕಥೆ ನಡೆಯುವುದು ನೂರೈವತ್ತು ವರ್ಷಗಳಿಗೂ ಹಿಂದೆ. ಅಮೆರಿಕ ಆಗ ಬೆಳೆಯುತ್ತಿದ್ದ ದೇಶ. ಒಂದು ಕಡೆ ಫ್ರಾನ್ಸಿನವರಿಂದ ಭೂಮಿ ಕೊಂಡರು, ಇನ್ನೊಂದು ಕಡೆ ಮೆಕ್ಸಿಕೋದವರ ಜೊತೆ ಯುದ್ಧ ಮಾಡಿ ಕಿತ್ತುಕೊಂಡರು, ಮೊದಲೇ ಅಲ್ಲಿದ್ದ ಜನರನ್ನು ಒಕ್ಕಲೆಬ್ಬಿಸಿ ಪಡುವಣ ಕಡಲಿನವರೆಗೂ ಹೋದರು. ದೇಶ ಬೆಳೆದಷ್ಟೂ ಮನೆಯೊಳಗಿನ ಜಗಳ ಬೆಳೆಯಿತು. ಹೊಸ ರಾಜ್ಯ ಸೇರುವಾಗಲೆಲ್ಲ ಒಂದೇ ಪ್ರಶ್ನೆ: ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೋ, ಬಾರದೋ. ಮೊದಲು ನಕಾಶೆಯ ಮೇಲೆ ಗೆರೆ ಎಳೆದು ಆಚೆ ನಿಮಗೆ, ಈಚೆ ನಮಗೆ ಎಂದು ಪಾಲು ಮಾಡಿಕೊಂಡರು. ಚಿನ್ನ ಸಿಕ್ಕಿದ ಕ್ಯಾಲಿಫೋರ್ನಿಯಾ ಬಂದಾಗ ಗೆರೆಯ ಲೆಕ್ಕ ತಪ್ಪಿತು. ಆಗ 1850ರಲ್ಲಿ ಮತ್ತೊಂದು ರಾಜಿ. ಅದರಲ್ಲಿ ಕ್ಯಾಲಿಫೋರ್ನಿಯಾ ಗುಲಾಮರಿಲ್ಲದ ರಾಜ್ಯವಾಯಿತು, ಅದಕ್ಕೆ ಪ್ರತಿಯಾಗಿ ದಕ್ಷಿಣದ ಧಣಿಗಳಿಗೆ ಹೊಸ ಕಾನೂನೊಂದು ಸಿಕ್ಕಿತು. ಓಡಿಹೋದ ಗುಲಾಮರು ಉತ್ತರದ ಯಾವ ಊರಿನಲ್ಲಿದ್ದರೂ ಹಿಡಿದು ಒಪ್ಪಿಸಬೇಕು. ಒಬ್ಬ ಅಧಿಕಾರಿ ಕುಳಿತು ವಿಚಾರಣೆ ಮಾಡುತ್ತಾನೆ. ಧಣಿಯ ಮಾತು ಕೇಳಬಹುದು. ಸಿಕ್ಕಿಬಿದ್ದ ಗುಲಾಮರ ಮಾತನ್ನು ಮಾತ್ರ ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ. ಇದು ಪುರಂದರಣ್ಣ ಕಟ್ಟಿದ್ದಲ್ಲ, ಕಾನೂನಿನಲ್ಲೇ ಇದ್ದದ್ದಂತೆ.

ಹ್ಯಾನಾ ಎಂಬವಳು ಪುರಂದರಣ್ಣ ಕಟ್ಟಿದ ಪಾತ್ರ. ಕೆಂಟಕಿಯಲ್ಲಿ ಒಬ್ಬ ಜಮೀನ್ದಾರನ ಮನೆಯ ಗುಲಾಮಳು. ಅವಳ ಚಿಕ್ಕ ಮಗಳನ್ನು ಪುಣ್ಯಾತ್ಮರು ಯಾರೋ ಮೊದಲೇ ಓಹಾಯೋ ನದಿ ದಾಟಿಸಿ ಗುಲಾಮಗಿರಿ ಇಲ್ಲದ ಆಚೆಯ ಊರಿಗೆ ಮುಟ್ಟಿಸಿರುತ್ತಾರೆ. ಮಗಳನ್ನು ಹುಡುಕಿಕೊಂಡು ಇವಳೂ ದೋಣಿ ಹತ್ತುತ್ತಾಳೆ, ಮಗಳ ಮುಖ ನೋಡುವ ಮೊದಲೇ ಸಿಕ್ಕಿಬೀಳುತ್ತಾಳೆ. ವಿಚಾರಣೆ ನಡೆದು ಧಣಿಗೆ ಅವಳನ್ನು ಒಪ್ಪಿಸುವುದು ಕೊನೆಯ ಪದ್ಯ. ಧಣಿಯ ಪಾತ್ರಕ್ಕೆ ಹೆಗ್ಡೆಯವರು. ಹ್ಯಾನಾಳ ಪರವಾದ ವಕೀಲ, ಯುಜಿನ್ ಅಂತ ಟೈಪಿಂಗ್ ಸೆಂಟರಿನಲ್ಲಿರುವ ಹುಡುಗ, ಮನೆಯಲ್ಲಿ ಕೊಂಕಣಿಯಾದರೂ ಕನ್ನಡ ಅಚ್ಚುಕಟ್ಟು. ಹ್ಯಾನಾ ನಾನು.

ನಡುವೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಗುಲಾಮಳಲ್ಲ. ಸಂಬಳ ಒಂದು ದಿನ ತಡವಾದದ್ದಿಲ್ಲ, ಏಸಿ ಕೋಣೆಯಲ್ಲಿ ಮಲಗುತ್ತೇನೆ, ನನಗೆ ಟೈಫಾಯ್ಡ್ ಬಂದಾಗ ಧಣಿಯೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಹ್ಯಾನಾಳಂಥವರು ಪಟ್ಟದ್ದನ್ನು ನಾನು ಪಟ್ಟೆ ಎಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ಆದರೆ ನೀರಿನ ಆ ಕಡೆ ಮಗಳು, ಈ ಕಡೆ ತಾಯಿ, ನಡುವೆ ಇನ್ನೊಬ್ಬರ ಕಪಾಟಿನ ಬೀಗ. ಇಷ್ಟು ಮಾತ್ರ ನನಗೂ ಗೊತ್ತಿರುವ ವಿಷಯ. ಅದನ್ನು ಗೊತ್ತಿಲ್ಲದವಳಂತೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಅಭ್ಯಾಸದ ದಿನ ಪದ್ಯಗಳನ್ನು ಹಂಚಿದಾಗ ವಿಚಾರಣೆಯ ಭಾಗದಲ್ಲಿ ನನಗೆ ಒಂದೂ ಇರಲಿಲ್ಲ. ದೋಣಿ ಹತ್ತುವಾಗ ಒಂದು, ಹಿಡಿದಾಗ ಒಂದು, ಅಷ್ಟೇ. "ಪುರಂದರಣ್ಣ, ನನ್ನದೇ ವಿಚಾರಣೆ, ನನಗೇ ಪದ್ಯ ಇಲ್ವಾ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾನೂನೇ ಹಾಗಿತ್ತಲ್ಲ ಜಲಜಕ್ಕ. ನಾನು ಪದ್ಯ ಕೊಟ್ರೆ ಕಥೆ ಸುಳ್ಳಾಗ್ತದೆ" ಎಂದರು. ಅವರಿಗೂ ಅದು ಕಸಿವಿಸಿಯೇ. ಹೆಗ್ಡೆಯವರು ಮಾತ್ರ ಚಹಾ ಹೀರುತ್ತಾ, "ಸಭೆಯಲ್ಲಿ ಸುಮ್ಮನೆ ಕೂರುವುದೂ ಒಂದು ಅಭಿನಯವೇ ಜಲಜ. ತಲೆ ತಗ್ಗಿಸಿ ಕೂತುಕೋ, ಜನ ತನ್ನಿಂತಾನೆ ಅಳ್ತಾರೆ" ಎಂದರು. ನನಗೆ ಯಾರ ಅಳುವೂ ಬೇಕಿರಲಿಲ್ಲ.

ಹದಿನಾಲ್ಕನೇ ತಾರೀಕಿನ ಶುಕ್ರವಾರ ಕೂಟ. ದುಬಾಯಿಯ ಮಿರ್ದಿಫಿನಲ್ಲಿರುವ ಧಣಿಯ ವಿಲ್ಲಾದ ಹಾಲಿನಲ್ಲಿ ಸೋಫಾಗಳನ್ನೆಲ್ಲ ಗೋಡೆಗೆ ತಳ್ಳಿ ಜಮಖಾನ ಹಾಸಿದ್ದರು. ಮುಸಫ್ಫಾದಿಂದ ನಮ್ಮನ್ನೆಲ್ಲ ಕಂಪನಿಯ ವ್ಯಾನಿನಲ್ಲಿ ಕರೆತಂದರು. ವರ್ಕ್‌ಶಾಪಿನ ಇಪ್ಪತ್ತು ಜನ, ಊರಿನ ಸಂಘದವರು, ಧಣಿಯ ವ್ಯಾಪಾರದ ಸ್ನೇಹಿತರು, ಊರಿನಿಂದ ಬಂದಿದ್ದ ಅವರ ತಾಯಿ ಶಾರದಮ್ಮ ಮುಂದಿನ ಕುರ್ಚಿಯಲ್ಲಿ. ವಿಮಾನಗಳು ತಲೆಯ ಮೇಲೇ ಇಳಿಯುವ ಜಾಗ ಅದು, ಒಂದೊಂದು ವಿಮಾನ ಹೋಗುವಾಗಲೂ ಚೆಂಡೆಯವನು ಪೆಟ್ಟು ಹಿಡಿದು ಕಾಯುತ್ತಿದ್ದ.

ಹೆಗ್ಡೆಯವರನ್ನು ಹೊಗಳಲೇಬೇಕು. ಏನು ಕಂಠ, ಏನು ಮಾತು. ಕೌರವನ ಅರ್ಥ ಹೇಳಿದರೆ ಪಾಂಡವರಿಗೆ ಐದು ಹಳ್ಳಿಯೂ ಹೆಚ್ಚಾಯಿತು ಅನಿಸುವಂತೆ ಮಾಡುವವರು. ಇಲ್ಲಿ ಅವರನ್ನು ವಾದದಲ್ಲಿ ಯಾರೂ ಸೋಲಿಸಿದ್ದಿಲ್ಲ. ಸೋಲಿಸುವ ಹಾಗೆ ಕಂಡವರಿಗೆ ಮುಂದಿನ ಕೂಟದ ಕರೆ ಹೋಗುವುದಿಲ್ಲ ಎಂದು ಮೆಟಿಲ್ಡಾ ಹೇಳುತ್ತಾಳೆ. ಆ ದಿನ ಯುಜಿನ್, "ಮನುಷ್ಯರನ್ನು ದನಗಳಂತೆ ಕೊಂಡು ಮಾರುವುದು ಯಾವ ಧರ್ಮ?" ಎಂದು ಒಳ್ಳೆಯ ಹಿಡಿತದಿಂದಲೇ ಶುರುಮಾಡಿದ. ಹೆಗ್ಡೆಯವರು ಅವನನ್ನು ಮೃದುವಾಗಿ ನೋಡಿದರು.

"ವಕೀಲರೇ, ತಾವು ತೊಟ್ಟಿರುವ ಅಂಗಿಯ ಹತ್ತಿ ಯಾವ ಹೊಲದ್ದು? ಯಾರು ಬಿಡಿಸಿದ್ದು? ತಮ್ಮ ಉತ್ತರದ ಗಿರಣಿಗಳು ತಿರುಗುವುದೇ ನಮ್ಮ ದಕ್ಷಿಣದ ಹತ್ತಿಯಿಂದ. ಬಟ್ಟೆ ಬೇಕು, ಅದನ್ನು ಬೆಳೆದ ಕೈಯ ಸುದ್ದಿ ಬೇಡ. ತಮ್ಮಲ್ಲಿ ಕೂಲಿಯವನು ಕಾಯಿಲೆ ಬಿದ್ದರೆ ಬೀದಿಗೆ. ನನ್ನಲ್ಲಿ? ಇವಳಿಗೆ ಜ್ವರ ಬಂದಾಗ ನಾನೇ ಗಾಡಿ ಕಟ್ಟಿಸಿ ವೈದ್ಯನಲ್ಲಿಗೆ ಒಯ್ದೆ. ಬಾಯಿ ಬಿಟ್ಟು ಹೇಳಲಿ, ಸುಳ್ಳೆಂದು."

ಯುಜಿನನ ಹತ್ತಿಯ ಅಂಗಿ ನಿಜವಾಗಿಯೂ ಬೆವತುಹೋಯಿತು. ನನ್ನ ಜ್ವರದ ಮಾತನ್ನು ಅಲ್ಲಿಗೆ ತಂದದ್ದು ನಮ್ಮ ವರ್ಕ್‌ಶಾಪಿನವರಿಗೆಲ್ಲ ತಿಳಿಯಿತು, ಒಂದಿಬ್ಬರು ತಲೆ ಬಗ್ಗಿಸಿದರು. ಅಲ್ಲಿಗೆ ಹೆಗ್ಡೆಯವರು ನಿಲ್ಲಿಸಿದ್ದರೆ ಗೆದ್ದಾಗಿತ್ತು. ಪುರಂದರಣ್ಣ ಕೊನೆಯ ಪದ್ಯಕ್ಕೆ ತಾಳ ಕೈಗೆ ತೆಗೆದುಕೊಂಡೂ ಆಗಿತ್ತು. ಆದರೆ ಒಳ್ಳೆಯ ಅರ್ಥಧಾರಿಗೆ ಇರುವ ರೋಗ ಅದೇ, ಗೆದ್ದ ಮೇಲೂ ಇನ್ನೊಂದು ಚಪ್ಪಾಳೆ ಬೇಕು. ಅವರು ಸಭೆಯ ಕಡೆ ತಿರುಗಿ ಧ್ವನಿ ಇಳಿಸಿದರು.

"ಮಹಾಜನರೇ, ನಾನು ಯಾರನ್ನೂ ಬಲವಂತದಿಂದ ಹಿಡಿದಿಟ್ಟವನಲ್ಲ. ನನ್ನ ಮನೆಯ ಬಾಗಿಲಿಗೆ ಅಗುಳಿ ಇಲ್ಲ. ಇವಳು ನನ್ನ ಎದುರು ನಿಂತು, ಧಣಿ, ನನ್ನನ್ನು ಕಳುಹಿಸಿಕೊಡಿ, ಎಂದು ಒಂದೇ ಒಂದು ಸಲ ಕೇಳಿದ್ದರೆ ನಾನೇ ದೋಣಿ ತರಿಸಿ ಕೊಡುತ್ತಿದ್ದೆ. ಕೇಳದೆ ಓಡಿದಳು, ಅದೇ ಅಪರಾಧ. ಏನು ಹ್ಯಾನಾ, ಕೇಳಿದ್ದೆಯಾ ನೀನು?"

ಹೆಸರು ಹಿಡಿದು ಕೇಳಿದರು, ರಂಜಿತ್. ಪದ್ಯ ಇಲ್ಲದವಳಿಗೆ ಮಾತು ಕೊಟ್ಟರು. ಮೂರು ಸಲ ರಾಜೀನಾಮೆ ಹಿಡಿದು ಅವರ ಮೇಜಿನ ಮುಂದೆ ನಿಂತವಳು ನಾನು. ನಾನು ತಲೆ ಎತ್ತಿದೆ.

ಅಧಿಕಾರಿಯ ಪಾತ್ರದಲ್ಲಿದ್ದವರು ಶಾರ್ಜಾದ ಒಬ್ಬ ಹಿರಿಯ ಮೇಷ್ಟ್ರು. ಅವರು ಕೂಡಲೇ, "ಕಾನೂನಿನಂತೆ ಇವಳ ಸಾಕ್ಷ್ಯವನ್ನು ಈ ಸಭೆ ಸ್ವೀಕರಿಸುವಂತಿಲ್ಲ" ಎಂದು ಅಡ್ಡ ಬಂದರು. ಪಾತ್ರಕ್ಕೆ ಅದು ಸರಿಯೇ.

"ಒಡೆಯಾ, ನಾನು ಸಾಕ್ಷಿ ಹೇಳುತ್ತಿಲ್ಲ" ಎಂದೆ. "ನನ್ನ ಧಣಿ ಪ್ರಶ್ನೆ ಕೇಳಿದರು. ಧಣಿ ಕೇಳಿದಾಗ ಗುಲಾಮಳು ಉತ್ತರ ಕೊಡದೆ ಇರಬಹುದು ಎಂದು ತಮ್ಮ ಕಾನೂನಿನಲ್ಲಿ ಎಲ್ಲಾದರೂ ಬರೆದಿದೆಯೇ?"

ಹಿಂದಿನ ಸಾಲಿನಲ್ಲಿ ಮೆಟಿಲ್ಡಾ "ಹಾಂ, ಹೇಳು" ಎಂದದ್ದು ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ನಕ್ಕು ಕೈಯಾಡಿಸಿದರು, ಮಾತಾಡು ಎಂದು.

ಆಮೇಲೆ ಏನು ಮಾತಾಡಿದೆನೋ ಎಲ್ಲವೂ ನೆನಪಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ. "ಧಣಿ, ನಿಮ್ಮ ಕಾನೂನು ಮಗು ತಾಯಿಯನ್ನು ಅನುಸರಿಸಬೇಕು ಎನ್ನುತ್ತದೆ. ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಧಣಿಯದ್ದು. ಭೂಮಿಯ ಇನ್ನೊಂದು ಕಡಲ ತೀರದಲ್ಲಿ ಒಂದು ನಾಡಿದೆಯಂತೆ, ಅಲ್ಲಿಯೂ ಮಗು ತಾಯಿಯದೇ. ತಾಯಿಯ ಮನೆ, ತಾಯಿಯ ಕುಲ, ತಾಯಿಯ ಕುಟುಂಬ. ಅಲ್ಲಿ ಅದು ಹೆಣ್ಣಿಗೆ ಕೊಟ್ಟ ಗೌರವ. ಅದೇ ಮಾತಿನಿಂದ ನೀವು ಸಂಕೋಲೆ ಮಾಡಿದಿರಿ. ಆಗಲಿ, ನಿಮ್ಮ ಕಾನೂನನ್ನೇ ಒಪ್ಪಿದೆ. ಮಗು ತಾಯಿಯ ಹಿಂದೆ ಬರಬೇಕಾದದ್ದು ಕಾನೂನಾದರೆ, ತಾಯಿ ಮಗುವಿನ ಹಿಂದೆ ಹೋದದ್ದು ಹೇಗೆ ಕಳ್ಳತನವಾಯಿತು?"

ಶಾರದಮ್ಮ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಅಳಿಯಕಟ್ಟಿನ ತುಳುನಾಡಿನವರೇ ತುಂಬಿದ ಸಭೆ ಅದು, ಯಾವ ಕಡಲ ತೀರವೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ನಾನು ನಿಲ್ಲಿಸಲಿಲ್ಲ.

"ಕೇಳಲಿಲ್ಲ ಎಂದಿರಿ. ಮಹಾಜನರ ಎದುರು ಕೇಳುತ್ತಿದ್ದೇನೆ. ನನ್ನನ್ನು ಕಳುಹಿಸಿಕೊಡಿ. ನೀರಿನ ಆಚೆ ನನ್ನ ಮಗಳಿದ್ದಾಳೆ."

ಹೆಗ್ಡೆಯವರು ನಕ್ಕರು. ನಗುತ್ತಲೇ, "ಕೇಳುವುದಕ್ಕೂ ಒಂದು ಕಾಲವಿದೆ ಹ್ಯಾನಾ. ಹೊಲದಲ್ಲಿ ಕೊಯ್ಲು ನಿಂತಿದೆ. ಅದೊಂದು ಮುಗಿಯಲಿ" ಎಂದರು. ಅಷ್ಟರಲ್ಲಿ ನಮ್ಮ ವರ್ಕ್‌ಶಾಪಿನವರು ಕುಳಿತ ಕಡೆಯಿಂದ ಒಂದು ನಗು ಎದ್ದಿತು. ಇಪ್ಪತ್ತು ಜನರೂ ಅದೇ ಮಾತನ್ನು ಅದೇ ಧ್ವನಿಯಲ್ಲಿ ಆಫೀಸಿನಲ್ಲಿ ಕೇಳಿದವರು. ಧಣಿಗೂ ತನ್ನ ಮಾತು ತನಗೆ ಕೇಳಿಸಿತು, ಮುಖ ಕೆಂಪಾಯಿತು.

"ಕೊಯ್ಲು ಮುಗಿದರೆ ಬಿತ್ತನೆ ಶುರು ಧಣಿ" ಎಂದೆ. "ನನ್ನ ಮಗಳು ನಿಮ್ಮ ಬೆಳೆಗೆ ಕಾದು ಬೆಳೆಯುವುದಿಲ್ಲ. ಬಾಗಿಲಿಗೆ ಅಗುಳಿ ಇಲ್ಲವೆಂದವರು ನೀವು. ಇದೆಯೋ ಇಲ್ಲವೋ, ಒಂದು ಮಾತು ಹೇಳಿ."

ಅವರು ಪುರಂದರಣ್ಣನ ಕಡೆ ನೋಡಿದರು. ಪದ್ಯ ಎತ್ತಿ ಎಂದು ಅದರ ಅರ್ಥ. ಒಂದು ಪದ್ಯ ಎತ್ತಿದರೆ ಸಾಕಿತ್ತು, ಹ್ಯಾನಾಳನ್ನು ಹಗ್ಗ ಕಟ್ಟಿ ನದಿಯ ಕಡೆ ನಡೆಸಿಯಾಗುತ್ತಿತ್ತು. ಪುರಂದರಣ್ಣ ತಾಳವನ್ನು ಮಡಿಲಲ್ಲಿ ಇಟ್ಟುಕೊಂಡು ನೀರಿನ ಬಾಟಲಿಯ ಮುಚ್ಚಳ ತೆಗೆಯತೊಡಗಿದರು. ಆ ಮುಚ್ಚಳ ಅಷ್ಟು ಹೊತ್ತು ತೆಗೆಯುವಂಥದ್ದೇನೂ ಆಗಿರಲಿಲ್ಲ. ಮದ್ದಳೆಯವನೂ ಕೈ ಎತ್ತಲಿಲ್ಲ.

ಆಗ ಧಣಿಗೆ ಉಳಿದದ್ದು ಎರಡೇ ದಾರಿ. ಇಲ್ಲ ಎಂದರೆ ಅಷ್ಟು ಜನರ ಮುಂದೆ ತನ್ನ ಅರ್ಥವನ್ನು ತಾನೇ ಸುಳ್ಳು ಮಾಡಿಕೊಂಡ ಹಾಗೆ. ಕೊಟ್ಟೆ ಎಂದರೆ ಕಥೆ ಕೆಡುತ್ತದೆ. ಅವರು ಅರ್ಥಧಾರಿ, ಕಥೆ ಕೆಟ್ಟರೂ ಮಾತು ಸೋಲಬಾರದು. ಬೆನ್ನು ನೆಟ್ಟಗೆ ಮಾಡಿ, "ಕೊಟ್ಟೆ. ಹೋಗು ಹ್ಯಾನಾ, ನಿನ್ನ ಮಗಳ ಬಳಿಗೆ ಹೋಗು" ಎಂದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ಅವರ ತಾಯಿಯೇ ಮೊದಲು ಚಪ್ಪಾಳೆ ತಟ್ಟಿದರು. ಪುರಂದರಣ್ಣ ಕೊನೆಯ ಪದ್ಯ ಬಿಟ್ಟು ನೇರವಾಗಿ ಮಂಗಳ ಹಾಡಿದರು.

"ಪಪ್ಪಾ, ದಟ್ಸ್ ನಾಟ್ ಹೌ ಇಟ್ ಎಂಡೆಡ್" ಎಂದು ಅವರ ಮಗಳು ತಕರಾರು ತೆಗೆದಳು. ಅವಳು ಹೇಳಿದ್ದು ನಿಜ. ಆ ಕಾಲದಲ್ಲಿ ಹಾಗೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರನ್ನು ಹಿಂದಕ್ಕೇ ಕಳುಹಿಸಿದರಂತೆ. ಯಾವ ರಾಜಿಯೂ ಉಳಿಯದೆ ಹನ್ನೊಂದು ವರ್ಷಕ್ಕೆ ದೇಶವೇ ಎರಡಾಗಿ ಯುದ್ಧಕ್ಕೆ ನಿಂತಿತು. ನಮ್ಮ ಹ್ಯಾನಾ ಒಬ್ಬಳು ಮಿರ್ದಿಫಿನಲ್ಲಿ ಪಾರಾದದ್ದರಿಂದ ಅವರ ಯಾರ ಕಷ್ಟವೂ ಕಡಿಮೆಯಾಗಲಿಲ್ಲ, ಅದು ನನಗೆ ತಿಳಿದಿದೆ.

ಊಟದ ಹೊತ್ತಿಗೆ ಧಣಿ ತಟ್ಟೆ ಹಿಡಿದುಕೊಂಡು ನನ್ನ ಬಳಿ ಬಂದರು. "ಚೆಂದ ಮಾತಾಡಿದೆ ಜಲಜ. ಆದರೆ ಅರ್ಥದಲ್ಲಿ ಹೇಳಿದ್ದನ್ನು ಹೊರಗೆ ತರ್ಲಿಕ್ಕಿಲ್ಲ, ಅದು ಕ್ರಮ" ಎಂದರು.

"ನನ್ನ ಟೈಫಾಯ್ಡ್ ಹೊರಗಿನದ್ದು ಧಣಿ. ಅದನ್ನು ಅರ್ಥದ ಒಳಗೆ ತಂದದ್ದು ನೀವು" ಎಂದೆ. "ನೀವು ಮಾಡಿದ್ದನ್ನು ನಾನು ಮರೆಯುವವಳಲ್ಲ. ಆದರೆ ನಾಡಿದ್ದು ಭಾನುವಾರ ಆಫೀಸಿಗೆ ಬರ್ತೇನೆ. ಪಾಸ್‌ಪೋರ್ಟ್ ಕೊಡದಿದ್ರೆ ಸೋಮವಾರ ಲೇಬರ್ ಆಫೀಸಿಗೆ ಹೋಗ್ತೇನೆ. ಹೇಳದೆ ಹೋದಳು ಅಂತ ಆಗಬಾರದಲ್ಲ, ಅದಕ್ಕೆ ಈಗಲೇ ಹೇಳಿದ್ದು."

ವ್ಯಾನಿನಲ್ಲಿ ಹಿಂದಿರುಗುವಾಗ ಮೆಟಿಲ್ಡಾ ನನ್ನ ಭುಜಕ್ಕೆ ತಲೆಯಿಟ್ಟು, "ಖಲಾಸ್. ಇನ್ನು ನನಗೆ ಜಗಳಕ್ಕೆ ಯಾರು ಸಿಗ್ತಾರೆ" ಎಂದು ಅತ್ತಳು.

ಭಾನುವಾರ ಹೋದೆ. ಧಣಿ ಕಪಾಟು ತೆಗೆದು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟರು. ವೀಸಾ ಕ್ಯಾನ್ಸಲ್ ಮಾಡುವ ಕಾಗದಕ್ಕೂ ಸಹಿ ಹಾಕಿದರು. ಬೇರೆ ಒಂದು ಮಾತನ್ನೂ ಹೇಳಿದರು, ಅದನ್ನು ಕೊನೆಯಲ್ಲಿ ಬರೆಯುತ್ತೇನೆ. ಈಗ ಎಲ್ಲ ಕೆಲಸ ಮುಗಿದಿದೆ, ಟಿಕೆಟ್ ಆಗಿದೆ. ಡಿಸೆಂಬರ್ ಮೂರು, ಬುಧವಾರ, ಬೆಳಗಿನ ವಿಮಾನದಲ್ಲಿ ಬಜ್ಪೆಗೆ ಇಳಿಯುತ್ತೇನೆ. ಹಿಂದೆ ಹೋಗುವ ಟಿಕೆಟ್ ಇಲ್ಲ.

ನಿಮ್ಮ ಮನೆಯಲ್ಲಿ ಬಂದು ಕೂರುತ್ತೇನೆಂದು ಹೆದರಬೇಡ. ಮೆಟಿಲ್ಡಾಳ ಚಿಕ್ಕಮ್ಮ ಜೆಸ್ಸಿ ಟೀಚರ ಮನೆಯ ಮಹಡಿ ಬಾಡಿಗೆಗೆ ಮಾತಾಗಿದೆ. ಕೆಳಗೆ ಎರಡು ಮಿಷನ್ ಹಾಕಲು ಜಾಗವಿದೆ, ಆ ಕಡೆಯ ಶಾಲೆಗಳ ಯೂನಿಫಾರ್ಮ್ ಇನ್ನು ನಾನು ಹೊಲಿಯುತ್ತೇನೆ. ನಿಮ್ಮ ಅಂಗಳದಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳುತ್ತದೆ. ಭವ್ಯ ನನ್ನ ಜೊತೆ ಇರುತ್ತಾಳೆ. ಬೇಕೆನಿಸಿದಾಗ ನಿಮ್ಮಲ್ಲಿಗೆ ಓಡಿ ಬರಲಿ, ಉಂಡು ಬರಲಿ, ಮಲಗಿಯೂ ಬರಲಿ. ಈ ಒಂದು ವಿಷಯದಲ್ಲಿ ನಾನು "ನೋಡುವ" ಎಂಬ ಮಾತನ್ನು ಕೇಳುವುದಿಲ್ಲ. ಯಾರಿಂದಲೂ.

ಶರ್ಮಿಳಾಳಿಗೆ ನನ್ನ ಪ್ರೀತಿ ಹೇಳು. ಭವ್ಯಳ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ ಅವಳ ಕೈಗಳಿಗೆ ನೋವು ಬಾರದಿರಲಿ. ನಿನಗೆ ಆಯುಷ್ಯ, ಆರೋಗ್ಯ ಎರಡೂ ತುಂಬಿ ಬರಲಿ. ಅಪ್ಪ ಇಲ್ಲದ ಮನೆಯಲ್ಲಿ ನನ್ನ ಮಗುವಿಗೆ ಒಂದು ದಿನವೂ ಅಪ್ಪನ ಕೊರತೆ ಮಾಡದವನು ನೀನು. ಅದಕ್ಕೆ ನಾನು ಮಾಡುವ ಆಶೀರ್ವಾದದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೆಳಗೆ ಬರೆದದ್ದನ್ನು ಓದಿದ ಮೇಲೂ ಅದು ಹಾಗೆಯೇ ಇರುತ್ತದೆ.

ನಿನ್ನ ಅಕ್ಕ,
ಜಲಜಾಕ್ಷಿ

ಮತ್ತೆ: ಭಾನುವಾರ ಧಣಿ ಹೇಳಿದ ಮಾತು ಇದು. "ನಿನ್ನನ್ನು ಹಿಡಿದಿಡುವುದು ನನಗೇನು ಬೇಕಿತ್ತು ಜಲಜ, ನಿನ್ನ ಜಾಗಕ್ಕೆ ನಾಳೆಯೇ ಜನ ಸಿಗ್ತಾರೆ. ನಿನ್ನ ತಮ್ಮ ಕೇಳಿಕೊಂಡದ್ದು. ಅಕ್ಕನನ್ನು ಇನ್ನೂ ಎರಡು ವರ್ಷ ಬಿಡಬೇಡಿ ಧಣಿ, ಶರ್ಮಿಳಾ ಮಗುವನ್ನು ಬಿಟ್ಟಿರುವುದಿಲ್ಲ, ಅಂತ ಫೋನಿನಲ್ಲಿ ಅತ್ತ. ನನಗೆ ಇಲ್ಲ ಅನ್ಲಿಕ್ಕೆ ಆಗ್ಲಿಲ್ಲ." ನಾನು ಧಣಿಯ ಮುಂದೆ ಒಂದು ಹನಿ ಹಾಕಲಿಲ್ಲ. ಕೋಣೆಗೆ ಬಂದು ಭವ್ಯಳಿಗೆ ಫೋನ್ ಮಾಡಿದೆ, ನೀನು ಅಂಗಡಿಯಲ್ಲಿದ್ದ ಹೊತ್ತು. ಅಮ್ಮ ಬರ್ತಾ ಇದ್ದೇನೆ ಮಗಾ, ಎಂದೆ. ಅವಳು, "ಯಾಕೆ? ನಿಮಗೆ ಅಲ್ಲಿಯೇ ಇಷ್ಟ ಅಂತ ಮಾಮ ಹೇಳಿದ್ರಲ್ಲ" ಎಂದಳು. ಪಾಸ್‌ಪೋರ್ಟಿನದ್ದನ್ನು ನಾನು ಹೇಗಾದರೂ ನುಂಗಿಕೊಳ್ಳುತ್ತೇನೆ ರಂಜಿತ್, ಇದನ್ನು ನುಂಗಲು ಆಗುತ್ತಿಲ್ಲ. ಮೂರನೇ ತಾರೀಕು ಅವಳನ್ನು ಬಜ್ಪೆಗೆ ಕರೆದುಕೊಂಡು ಬಾ, ಶರ್ಮಿಳಾಳೂ ಬರಲಿ. ಆದರೆ ನಾನು ಹೊರಗೆ ಬರುವ ಮೊದಲು, ಅಮ್ಮನಿಗೆ ಅಲ್ಲಿಯೇ ಇಷ್ಟ ಎಂದು ನೀನು ಹೇಳಿದ್ದು ಸುಳ್ಳೆಂದು ನೀನೇ ಅವಳಿಗೆ ಹೇಳಿರಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ, ನೀನು ಹೇಳಿದರೆ ಮಾತ್ರ ನಂಬುತ್ತಾಳೆ.